ಕುಂಡದ ಸೂರ್ಯಕಾಂತಿ: ಮಣ್ಣಿನೊಳಗಿನ ಜಗಳ

ತಾರಸಿಯ ಕುಂಡದಲ್ಲಿ ಸೂರ್ಯಕಾಂತಿ ಗಿಡ ಮಟಮಟ ಮಧ್ಯಾಹ್ನ ಎಲೆ ಜೋತುಬಿಟ್ಟು ನಿಂತರೆ ಅದಕ್ಕೆ ಕಾರಣ ನಾಲ್ಕು ಇರಬಹುದು. ನೀರು ಸಾಲದೇ ಹೋಗಿರಬಹುದು. ನೀರು ಜಾಸ್ತಿಯಾಗಿ ಬೇರು ಕೊಳೆತಿರಬಹುದು. ಯಾವುದೋ ಹುಳು ಬೇರು ಕಡಿದಿರಬಹುದು. ಇಲ್ಲವೇ ಏನೂ ಆಗಿರಲಿಕ್ಕಿಲ್ಲ, ಬಿಸಿಲಿಳಿದ ಮೇಲೆ ತಾನಾಗಿ ನೆಟ್ಟಗಾಗಬಹುದು. ಮೇಲಿನಿಂದ ನೋಡುವವರಿಗೆ ನಾಲ್ಕೂ ಒಂದೇ ಥರ ಕಾಣುತ್ತವೆ. ಹಾಗಾಗಿಯೇ ಸಲಹೆಗಳು ನಾಲ್ಕು ದಿಕ್ಕಿನಿಂದ ಬರುತ್ತವೆ. ನರ್ಸರಿಯವರು ಹರಳಿನ ಪೊಟ್ಟಣ ಕೊಡುತ್ತಾರೆ, ಸಾವಯವದವರು ಬೇವಿನ ಹಿಂಡಿ ಹಾಕಿ ಎನ್ನುತ್ತಾರೆ, ಕೃಷಿ ಓದಿದ ನೆಂಟರು ಮಣ್ಣನ್ನೇ ಬದಲಿಸಿ ಎನ್ನುತ್ತಾರೆ, ಪಕ್ಕದ ಮನೆಯವರು ಎರಡು ದಿನ ನೀರು ನಿಲ್ಲಿಸಿ ನೋಡಿ ಎನ್ನುತ್ತಾರೆ.

ಈ ಸಲಹೆಗಳ ಹಿಂದೆ ಸುಮಾರು ನೂರು ವರ್ಷದ ವಾದವೊಂದಿದೆ. ಕುಂಡದ ಮಣ್ಣು ಹುಳುಹುಪ್ಪಟೆ, ಬೂಷ್ಟು ಏನೂ ಇಲ್ಲದ ಶುದ್ಧ ಮಣ್ಣಾಗಿರಬೇಕೇ, ಅಥವಾ ಜೀವಿಗಳು ತುಂಬಿ ತುಳುಕುವ ಮಣ್ಣಾಗಿರಬೇಕೇ? ಎರಡೂ ಪಕ್ಷದಲ್ಲಿ ಒಳ್ಳೆಯ ವಿಜ್ಞಾನಿಗಳಿದ್ದಾರೆ, ಎರಡೂ ಪಕ್ಷಕ್ಕೆ ಹೇಳಿಕೊಳ್ಳಲು ಗೆಲುವುಗಳಿವೆ. ಆದರೆ ಈ ವಾದ ನಡೆದದ್ದು ಬಹುಪಾಲು ಹೊಲದಲ್ಲಿ, ಇಲ್ಲವೇ ತಂಪು ದೇಶಗಳ ಗಾಜಿನ ಮನೆಗಳಲ್ಲಿ. ಬೆಂಗಳೂರಿನದೋ ಹುಬ್ಬಳ್ಳಿಯದೋ ತಾರಸಿ ಇವೆರಡೂ ಅಲ್ಲ. ಅಲ್ಲಿಂದ ಬಂದ ಉತ್ತರಗಳನ್ನು ಹದಿನೈದು ಲೀಟರ್ ಮಣ್ಣಿಗೆ ಹಾಗೆಯೇ ಇಳಿಸಿದರೆ ಎಲ್ಲೆಲ್ಲಿ ಹೊಂದುತ್ತವೆ, ಎಲ್ಲೆಲ್ಲಿ ಹೊಂದುವುದಿಲ್ಲ ಎಂಬುದೇ ಈ ಲೇಖನದ ವಿಷಯ.

ಹೇಲ್ಸ್ ತೂಗಿದ ಗಿಡ

ಕುಂಡದ ಸೂರ್ಯಕಾಂತಿಗಳಲ್ಲೆಲ್ಲ ಹೆಚ್ಚು ಹೆಸರಾದದ್ದು 1724ರ ಒಂದು ಗಿಡ. ಲಂಡನ್ ಬಳಿಯ ಟೆಡಿಂಗ್ಟನ್‌ನಲ್ಲಿ ಪಾದ್ರಿಯಾಗಿದ್ದ ಸ್ಟೀಫನ್ ಹೇಲ್ಸ್, ಮೂರೂವರೆ ಅಡಿ ಎತ್ತರದ ಸೂರ್ಯಕಾಂತಿಯಿದ್ದ ಕುಂಡದ ಬಾಯಿಗೆ ತೆಳುವಾದ ಸೀಸದ ತಗಡು ಮುಚ್ಚಿ, ಸಂದುಗಳನ್ನು ಮೆತ್ತಿ, ಜುಲೈ 3ರಿಂದ ಆಗಸ್ಟ್ 8ರ ನಡುವೆ ಹದಿನೈದು ದಿನ ಬೆಳಿಗ್ಗೆ ಮತ್ತು ಸಂಜೆ ಅದನ್ನು ತೂಗಿದರು. ಹಗಲಿನ ಹನ್ನೆರಡು ಗಂಟೆಯಲ್ಲಿ ಗಿಡ ಸರಾಸರಿ ಒಂದು ಪೌಂಡ್ ನಾಲ್ಕು ಔನ್ಸ್ ನೀರನ್ನು ಗಾಳಿಗೆ ಬಿಡುತ್ತಿತ್ತು. ನಮ್ಮ ಅಳತೆಯಲ್ಲಿ ಅರ್ಧ ಲೀಟರಿಗಿಂತ ಹೆಚ್ಚು. ಒಣ ಹವೆಯ ಬಿಸಿ ದಿನ ಅದು ಒಂದು ಪೌಂಡ್ ಹದಿನಾಲ್ಕು ಔನ್ಸಿಗೆ ಏರಿತು. ಅಷ್ಟಕ್ಕೆ ಬಿಡದೆ, ಗಿಡವನ್ನು ಕತ್ತರಿಸಿದ ಮೇಲೂ ತೂಗಿ, ಮೆರುಗು ಹಾಕದ ಮಣ್ಣಿನ ಕುಂಡ ತಾನೇ ಎರಡು ಔನ್ಸ್ ಆರಿಸುತ್ತದೆ ಎಂದು ಲೆಕ್ಕದಿಂದ ಕಳೆದರು. 1727ರ 'ವೆಜಿಟಬಲ್ ಸ್ಟ್ಯಾಟಿಕ್ಸ್' ಪುಸ್ತಕದಲ್ಲಿ ಇದೆಲ್ಲ ದಾಖಲಾಗಿದೆ.

ಇಂಗ್ಲೆಂಡಿನ ಜುಲೈ ತಿಂಗಳಲ್ಲಿ ಇಷ್ಟಾದರೆ ನಮ್ಮ ಏಪ್ರಿಲ್‌ನಲ್ಲಿ, ಕಾದ ಕಾಂಕ್ರೀಟಿನ ಮೇಲೆ ಎಷ್ಟಾದೀತು ಎಂದು ಊಹಿಸುವುದು ಕಷ್ಟವಲ್ಲ. ಇಪ್ಪತ್ತನೇ ಶತಮಾನದ ಮಣ್ಣುವಿಜ್ಞಾನಿಗಳು ಒಂದು ಮಣ್ಣಿನಲ್ಲಿ ಗಿಡಕ್ಕೆ ದಕ್ಕುವ ನೀರು ಮುಗಿಯುವ ಹಂತವನ್ನು ಗುರುತಿಸಲು ಕುಬ್ಜ ಸೂರ್ಯಕಾಂತಿಯನ್ನೇ ಡಬ್ಬಿಗಳಲ್ಲಿ ಬೆಳೆಸಿ ಬಾಡಿಸಿ ನೋಡುತ್ತಿದ್ದರು. ಬಾಡುವುದನ್ನು ಅಷ್ಟು ಸ್ಪಷ್ಟವಾಗಿ ತೋರಿಸುವ ಗಿಡ ಅದು. ರಾತ್ರಿ ಕಳೆದು ಬೆಳಿಗ್ಗೆಯೂ ಎಲೆ ಏಳದಿದ್ದರೆ ಮಾತ್ರ ಅವರು ಅದನ್ನು ಶಾಶ್ವತ ಬಾಡುವಿಕೆ ಎಂದು ಬರೆದುಕೊಳ್ಳುತ್ತಿದ್ದರು. ಹುಳುವಿನ ಔಷಧಿಗೆ ಕೈ ಹಾಕುವ ಮುನ್ನ ಮನೆಯಲ್ಲೂ ಇದೇ ಪರೀಕ್ಷೆ ಸಾಕು: ಬೆಳಗಿನ ಆರು ಗಂಟೆಗೆ ಗಿಡ ಹೇಗಿದೆ? ಆಗ ನೆಟ್ಟಗಿದ್ದರೆ ಬೇರು ಬದುಕಿದೆ. ಆಗಲೂ ಬಾಡಿದ್ದು, ಮಣ್ಣು ಹಸಿಯಾಗಿದ್ದರೆ ಮಾತ್ರ ಕೆಳಗೆ ಏನೋ ನಡೆದಿದೆ ಎಂದರ್ಥ.

ಹೊಲದ ಲೆಕ್ಕ, ಕುಂಡದ ಲೆಕ್ಕ

ಉತ್ತರ ಅಮೆರಿಕದ ಈ ಗಿಡ ಎಣ್ಣೆಬೀಜವಾಗಿ ನಮ್ಮಲ್ಲಿಗೆ ಬಂದದ್ದು 1969ರಲ್ಲಿ, ಸೋವಿಯತ್ ರಷ್ಯಾದ ತಳಿಗಳ ರೂಪದಲ್ಲಿ. 1980ರ ಹೊತ್ತಿಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಬಿ.ಎಸ್.ಎಚ್-1 ಹೈಬ್ರಿಡ್ ಕೊಟ್ಟಿತು. ರಾಯಚೂರು, ಕೊಪ್ಪಳ, ವಿಜಯಪುರ, ಗದಗದ ಕಪ್ಪು ಮಣ್ಣಿನಲ್ಲಿ ಸೂರ್ಯಕಾಂತಿ ಪರಿಚಿತ ಬೆಳೆಯಾಯಿತು. ಅಲ್ಲಿ ಸಾಲಿನಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 30 ಸೆಂ.ಮೀ. ಬಿಡುತ್ತಾರೆ. ಒಂದಡಿ ಆಳದವರೆಗೆ ಮಾತ್ರ ಲೆಕ್ಕ ಹಿಡಿದರೂ ಪ್ರತಿ ಗಿಡದ ಪಾಲಿಗೆ 54 ಲೀಟರ್ ಮಣ್ಣು. ತಾಯಿಬೇರು ಅದಕ್ಕಿಂತ ಎಷ್ಟೋ ಕೆಳಗೆ ಇಳಿಯುತ್ತದೆ. ನಾವು 'ಹನ್ನೆರಡು ಇಂಚಿನ ಪಾಟ್' ಎನ್ನುವುದರಲ್ಲಿ ಹಿಡಿಯುವುದು ಸುಮಾರು 15 ಲೀಟರ್.

ಈ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದಕ್ಕೆ ಹೆಂಡ್ರಿಕ್ ಪೂರ್ಟರ್ ಮತ್ತು ಸಂಗಡಿಗರು 2012ರಲ್ಲಿ 65 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದರು. ಕುಂಡದ ಗಾತ್ರ ಇಮ್ಮಡಿಯಾದರೆ ಗಿಡದ ತೂಕ ಸರಾಸರಿ ಶೇ 43ರಷ್ಟು ಏರುತ್ತದೆ ಎಂಬುದು ಅವರಿಗೆ ಸಿಕ್ಕ ಉತ್ತರ. ಪ್ರಯೋಗದ ಗಿಡ ಇಕ್ಕಟ್ಟಿಗೆ ಸಿಗಬಾರದೆಂದರೆ ಲೀಟರ್ ಮಣ್ಣಿಗೆ ಒಂದು ಗ್ರಾಂ ಒಣತೂಕ ಮೀರಬಾರದು ಎಂದೂ ಸೂಚಿಸಿದರು. ಹೊಲದ ಸೂರ್ಯಕಾಂತಿಯ ಒಣತೂಕ ನೂರು ಗ್ರಾಂ ಆಸುಪಾಸು. ಆ ಅಳತೆಗೋಲಿನಲ್ಲಿ ಮನೆಯ ಕುಂಡದ ಪ್ರತಿ ಸೂರ್ಯಕಾಂತಿಯೂ ಇಕ್ಕಟ್ಟಿನಲ್ಲೇ ಬದುಕುತ್ತಿದೆ. 'ಟೆಡ್ಡಿ ಬೇರ್'ನಂಥ ಗಿಡ್ಡ ತಳಿಗಳನ್ನು ಕುಂಡಕ್ಕೆ ಆರಿಸುವುದು ಚಂದಕ್ಕಷ್ಟೇ ಅಲ್ಲ. ಎಣ್ಣೆಬೀಜದ ಎತ್ತರದ ಹೈಬ್ರಿಡ್ ಅನ್ನು ಕುಂಡದಲ್ಲಿಟ್ಟು ಆಷಾಢದ ಗಾಳಿಗೆ ಒಡ್ಡಿದರೆ ಕುಂಡ ಸಮೇತ ಮಗುಚುತ್ತದೆ, ಅದು ಬೇರೆ ಮಾತು.

ಕೀಟದ ಲೆಕ್ಕವೂ ಇಲ್ಲಿ ತಲೆಕೆಳಗಾಗುತ್ತದೆ. ಹೊಲದಲ್ಲಿ ಹುಳು ಇಂತಿಷ್ಟಕ್ಕಿಂತ ಹೆಚ್ಚಾದರೆ ಮಾತ್ರ ಔಷಧಿ ಹೊಡೆಯಿರಿ ಎಂಬ ಮಿತಿ ಇರುತ್ತದೆ. ನೂರು ಗಿಡದಲ್ಲಿ ಐದು ಹೋದರೆ ರೈತ ತಲೆ ಕೆಡಿಸಿಕೊಳ್ಳುವುದಿಲ್ಲ. ಕುಂಡದಲ್ಲಿ ಗಿಡ ಒಂದೇ, ಬೇರು ತಿನ್ನುವ ಹುಳು ಒಂದಿದ್ದರೂ ನಷ್ಟ ಪೂರ್ತಿ. ಆದರೆ ಹೊಲವನ್ನು ಬೋರಲು ಹಾಕಿ ನೋಡಲು ಬರುವುದಿಲ್ಲ, ಕುಂಡವನ್ನು ಹಾಕಬಹುದು. ಈ ಒಂದು ಅನುಕೂಲವನ್ನು ಮನೆತೋಟದವರು ಬಳಸುವುದು ತೀರ ಕಡಿಮೆ.

ಕುಂಡದ ಬಗ್ಗೆ ಇನ್ನೆರಡು ಮಾತು. ತಳಕ್ಕೆ ಜಲ್ಲಿಯೋ ಹೆಂಚಿನ ಚೂರೋ ಹರವಿದರೆ ನೀರು ಚೆನ್ನಾಗಿ ಇಳಿಯುತ್ತದೆ ಎಂಬ ನಂಬಿಕೆ ಎಲ್ಲ ಕಡೆ ಇದೆ. ಮಣ್ಣಿನ ಭೌತಶಾಸ್ತ್ರ ಇದಕ್ಕೆ ವಿರುದ್ಧ. ನುಣ್ಣನೆಯ ಮಣ್ಣಿನಿಂದ ಒರಟು ಜಲ್ಲಿಗೆ ನೀರು ಸುಲಭಕ್ಕೆ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ನೆನೆದು ತುಂಬಿದ ಮೇಲಷ್ಟೇ ಇಳಿಯುತ್ತದೆ. ಹಾಗಾಗಿ ಜಲ್ಲಿಯ ಪದರ ಕೊಚ್ಚೆಯ ಮಟ್ಟವನ್ನು ಬೇರಿನ ಹತ್ತಿರಕ್ಕೆ ಏರಿಸುತ್ತದೆ. ಮಣ್ಣು ಕೊಚ್ಚಿಹೋಗದಂತೆ ತೂತಿನ ಮೇಲೆ ಒಂದು ಚೂರು ಇಟ್ಟರೆ ಸಾಕು. ಇನ್ನೊಂದು, ಕುಂಡವನ್ನು ವಾರಕ್ಕೊಮ್ಮೆ ತಿರುಗಿಸಿ ಇಡಬೇಕೆಂಬ ಉಪದೇಶ. ಮನೆಯೊಳಗಿನ ಎಲೆಗಿಡಗಳಿಗೆ ಅದು ಸರಿ. ಕ್ಯಾಲಿಫೋರ್ನಿಯಾದಲ್ಲಿ ಸ್ಟೇಸಿ ಹಾರ್ಮರ್ ಅವರ ತಂಡ ಕುಂಡದ ಎಳೆ ಸೂರ್ಯಕಾಂತಿಗಳನ್ನು ಬೇಕೆಂದೇ ತಿರುಗಿಸಿಟ್ಟು, ಬೆಳಿಗ್ಗೆ ಅವು ಪಶ್ಚಿಮಕ್ಕೆ ಮುಖ ಮಾಡುವಂತೆ ಮಾಡಿ ನೋಡಿತು. 2016ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಅಂಥ ಗಿಡಗಳ ಬೆಳವಣಿಗೆ ಸುಮಾರು ಶೇ 10ರಷ್ಟು ಕುಗ್ಗಿತ್ತು. ಸೂರ್ಯಕಾಂತಿ ಕುಂಡವನ್ನು ಇಟ್ಟಲ್ಲೇ ಬಿಡುವುದು ಮೇಲು.

ಒಳಗೆ ಯಾರಿದ್ದಾರೆ?

'ಮಣ್ಣಿನ ಹುಳು' ಎಂಬ ಒಂದೇ ಹೆಸರಿನಲ್ಲಿ ನಾವು ಹತ್ತಾರು ಜೀವಿಗಳನ್ನು ಕಟ್ಟಿಹಾಕುತ್ತೇವೆ. ಅವುಗಳಲ್ಲಿ ನಿಜವಾದ ಅಪರಾಧಿಗಳು ಕೆಲವೇ.

ಎಲ್ಲರನ್ನೂ ಹೆದರಿಸುವುದು ಗೊಣ್ಣೆಹುಳು. ಬಿಳಿ ಮೈ, ಕಂದು ತಲೆ, ಅರ್ಧಚಂದ್ರದಂತೆ ಬಾಗಿದ ದಪ್ಪ ಮರಿ. ಹೊಲೊಟ್ರೈಕಿಯಾ ಜಾತಿಯ ದುಂಬಿಗಳು ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಮಣ್ಣಿನಿಂದ ಮೇಲೆದ್ದು, ಬೇವಿನಂಥ ಮರಗಳ ಎಲೆ ತಿಂದು, ಮತ್ತೆ ಮಣ್ಣಿಗಿಳಿದು ಮೊಟ್ಟೆಯಿಡುತ್ತವೆ. ಮರಿಗಳು ಮಳೆಗಾಲ ಪೂರ್ತಿ ಬೇರು ತಿನ್ನುತ್ತವೆ. ಕಬ್ಬು, ಶೇಂಗಾ ಬೆಳೆಯುವವರಿಗೆ ಇವುಗಳ ಪರಿಚಯ ಚೆನ್ನಾಗಿದೆ. ಆದರೆ ಕುಂಡದಲ್ಲಿ ಸಿಗುವ ಬಿಳಿ ಹುಳುಗಳೆಲ್ಲ ಇವೇ ಅಲ್ಲ. ಕೊಟ್ಟಿಗೆ ಗೊಬ್ಬರದ ಚೀಲದೊಂದಿಗೆ ಬರುವವು ಹೆಚ್ಚಾಗಿ ತೆಂಗಿಗೆ ಕಾಟ ಕೊಡುವ ಕುರುವಾಯಿ ದುಂಬಿಯ ಮರಿಗಳು, ಇಲ್ಲವೇ ಹೂ ದುಂಬಿಯ ಮರಿಗಳು. ಇವುಗಳ ಆಹಾರ ಕೊಳೆತ ಸಗಣಿ, ಎಲೆ, ಮರದ ಪುಡಿ. ಹೂ ದುಂಬಿಯ ಮರಿಯನ್ನು ಗುರುತಿಸಲು ಭೂತಗನ್ನಡಿ ಬೇಡ. ಅದನ್ನೆತ್ತಿ ಸಿಮೆಂಟು ನೆಲದ ಮೇಲೆ ಬಿಡಿ. ಒಂದು ಕ್ಷಣ ಸುಮ್ಮನಿದ್ದು, ಮೈ ನೆಟ್ಟಗೆ ಮಾಡಿಕೊಂಡು, ಅಂಗಾತ ಮಲಗಿ, ಗಿಡ್ಡ ಕಾಲುಗಳನ್ನು ಆಕಾಶಕ್ಕೆ ಎತ್ತಿ ಬೆನ್ನಿನ ಮೇಲೇ ಸರಸರನೆ ತೆವಳಿಕೊಂಡು ಹೋಗುತ್ತದೆ. ಬೇರು ತಿನ್ನುವ ಗೊಣ್ಣೆಹುಳು ಹಾಗೆ ಮಾಡುವುದಿಲ್ಲ. ಅದರ ಕಾಲು ಉದ್ದ. ಬಾಗಿದ ಮೈಯಲ್ಲೇ ಪಕ್ಕಕ್ಕೆ ಬಿದ್ದು ಒದ್ದಾಡುತ್ತದೆ. ಬೆನ್ನ ಮೇಲೆ ತೆವಳುವ ಹುಳುವನ್ನು ಕೊಲ್ಲುವುದರಿಂದ ಸೂರ್ಯಕಾಂತಿಗೆ ಯಾವ ಉಪಕಾರವೂ ಇಲ್ಲ, ಗೊಬ್ಬರದ ಗುಂಡಿಗೆ ಹಾಕಿದರೆ ಆದೀತು.

ಮೊಳಕೆಯ ಹಂತದಲ್ಲಿ ನಿಜವಾದ ಶತ್ರು ಕತ್ತರಿ ಹುಳು. ಹಗಲು ಮಣ್ಣಿನಡಿ ಸುರುಳಿ ಸುತ್ತಿ ಮಲಗಿ, ರಾತ್ರಿ ಎದ್ದು ಎಳೆ ಸಸಿಯನ್ನು ಬುಡದಲ್ಲೇ ತುಂಡರಿಸುತ್ತದೆ. ಬಿದ್ದ ಸಸಿಯ ಸುತ್ತ ಒಂದಿಂಚು ಮಣ್ಣು ಕೆದರಿದರೆ ಸಾಮಾನ್ಯವಾಗಿ ಕೈಗೇ ಸಿಗುತ್ತದೆ. ಬೀಜವೇ ಮಾಯವಾಗಿ ಸಣ್ಣ ಗುಳಿ ಮಾತ್ರ ಉಳಿದಿದ್ದರೆ ಮಣ್ಣಿನ ಕೀಟವನ್ನು ಬಯ್ಯಬೇಡಿ, ಅದು ಅಳಿಲಿನ ಕೆಲಸ.

ಕಣ್ಣಿಗೆ ಕಾಣದ ಕಳ್ಳ ಬೇರುಗಂಟು ಜಂತುಹುಳು. ಗಿಡ ಸಾಯುವುದಿಲ್ಲ, ಏಳುವುದೂ ಇಲ್ಲ. ಗೊಬ್ಬರ ಹಾಕಿದರೂ ಹಳದಿಯಾಗಿ ಕುಗ್ಗಿಕೊಂಡೇ ಇರುತ್ತದೆ. ಕಿತ್ತು ನೋಡಿದರೆ ಬೇರಿನಲ್ಲಿ ಗಂಟುಗಳು. ಅವರೆ, ಅಲಸಂದೆಗಳ ಬೇರಿನಲ್ಲಿ ಸಾರಜನಕ ಹಿಡಿಯುವ ಒಳ್ಳೆಯ ಗಂಟುಗಳಿರುತ್ತವೆ. ಸೂರ್ಯಕಾಂತಿ ಆ ಕುಲದ್ದಲ್ಲ, ಅದರ ಬೇರಿನ ಗಂಟು ಯಾವಾಗಲೂ ಅನುಮಾನಕ್ಕೆ ಅರ್ಹ. ಬೇರಿಗೆ ಅಂಟಿದ ಬಿಳಿ ಹಿಟ್ಟಿನಂಥ ಹಿಟ್ಟು ತಿಗಣೆ, ಅದನ್ನು ಸಾಕುವ ಇರುವೆ, ಒಣಗಿದ ಕುಂಡಕ್ಕೆ ಬರುವ ಗೆದ್ದಲು ಇವೂ ಪಟ್ಟಿಯಲ್ಲಿವೆ. ಒದ್ದೆ ಮಣ್ಣಿನ ಮೇಲೆ ಹಾರಾಡುವ ಸಣ್ಣ ಕಪ್ಪು ನೊಣದ ಮರಿಗಳು ಹೆಚ್ಚಾಗಿ ಬೂಷ್ಟನ್ನೇ ತಿನ್ನುತ್ತವೆ, ಎಳೆ ಬೇರಿಗೂ ಬಾಯಿ ಹಾಕುತ್ತವೆ. ಆಲೂಗಡ್ಡೆಯ ಒಂದು ಬಿಲ್ಲೆಯನ್ನು ಮಣ್ಣಿನ ಮೇಲಿಟ್ಟು ಮಾರನೆಯ ದಿನ ಮಗುಚಿದರೆ ಕಪ್ಪು ತಲೆಯ ಪಾರದರ್ಶಕ ಮರಿಗಳು ಕಾಣುತ್ತವೆ. ಮಣ್ಣಿನ ಮೇಲ್ಪದರ ಒಣಗಲು ಬಿಟ್ಟರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಕೀಟವಲ್ಲದವುಗಳಲ್ಲಿ ಪಿಥಿಯಂ, ರೈಜೋಕ್ಟೋನಿಯಾ ಸಸಿಗಳ ಕುತ್ತಿಗೆ ಕೊಳೆಸುತ್ತವೆ. ಸ್ಕ್ಲೆರೋಷಿಯಂ ಬುಡದಲ್ಲಿ ಬಿಳಿ ನೂಲು ಹೆಣೆದು ಸಾಸಿವೆ ಗಾತ್ರದ ಕಂದು ಉಂಡೆಗಳನ್ನು ಬಿಡುತ್ತದೆ. ಮ್ಯಾಕ್ರೋಫೋಮಿನಾ ಎಂಬ ಇನ್ನೊಂದು ಬೂಷ್ಟು ಬಿಸಿಲು ಮತ್ತು ಬಾಯಾರಿಕೆ ಎರಡೂ ಸೇರಿದಾಗ ಕಾಂಡದೊಳಗೆ ಇದ್ದಿಲ ಪುಡಿ ಚೆಲ್ಲಿದಂತೆ ಮಾಡುತ್ತದೆ.

ಬೇಯಿಸಿ ಶುದ್ಧ ಮಾಡುವವರು

ಕುಂಡದ ಮಣ್ಣನ್ನು ವಿಜ್ಞಾನ ಗಂಭೀರವಾಗಿ ಕೈಗೆತ್ತಿಕೊಂಡದ್ದು 1930ರ ದಶಕದಲ್ಲಿ. ಇಂಗ್ಲೆಂಡಿನ ಮರ್ಟನ್‌ನಲ್ಲಿದ್ದ ಜಾನ್ ಇನ್ನೆಸ್ ತೋಟಗಾರಿಕೆ ಸಂಸ್ಥೆಯಲ್ಲಿ ತಳಿಶಾಸ್ತ್ರದ ಪ್ರಯೋಗಕ್ಕೆಂದು ಬೆಳೆಸಿದ ಪ್ರಿಮುಲಾ ಸಸಿಗಳು ಕುಂಡದಲ್ಲೇ ಸಾಯುತ್ತಿದ್ದವು. ವಿಲಿಯಂ ಲಾರೆನ್ಸ್ ಮತ್ತು ಜಾನ್ ನ್ಯೂವೆಲ್ ವರ್ಷಗಟ್ಟಲೆ ಪ್ರಯೋಗ ಮಾಡಿ, ಮಣ್ಣನ್ನು ಬಿಸಿ ಮಾಡಿ ರೋಗ ಕಳೆದು, ಏಳು ಪಾಲು ಮಣ್ಣು, ಮೂರು ಪಾಲು ಪೀಟ್, ಎರಡು ಪಾಲು ಮರಳು ಎಂಬ ಮಿಶ್ರಣವನ್ನು ಗೊತ್ತುಮಾಡಿದರು. ಅದುವರೆಗೆ ಪ್ರತಿ ಮಾಲಿಗೂ ಒಂದೊಂದು ಗುಟ್ಟಿನ ಪಾಕ ಇರುತ್ತಿತ್ತು. 1957ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕೆನೆತ್ ಬೇಕರ್ ಇದನ್ನು ಇನ್ನೂ ಕಟ್ಟುನಿಟ್ಟು ಮಾಡಿದರು: ಶುದ್ಧ ಮಣ್ಣು, ಶುದ್ಧ ಬೀಜ, ಶುದ್ಧ ಕುಂಡ, ಶುದ್ಧ ಕೈ. ಇಂದಿನ ವಾಣಿಜ್ಯ ನರ್ಸರಿಗಳ ಶಿಸ್ತು ಬಹುಪಾಲು ಅಲ್ಲಿಂದ ಬಂದದ್ದು.

ಈ ಪಕ್ಷದೊಳಗೇ ಒಂದು ಬಿರುಕು ಇತ್ತು. ಮಣ್ಣನ್ನು ಕುದಿಯುವ ಹಬೆಯಲ್ಲಿ ಪೂರ್ತಿ ಬೇಯಿಸಿದರೆ ಖಾಲಿಯಾದ ಜಾಗಕ್ಕೆ ಮೊದಲು ನುಗ್ಗುವುದು ರೋಗದ ಬೂಷ್ಟೇ. ಎದುರಾಳಿಗಳಿಲ್ಲದೆ ಅದು ಮೊದಲಿಗಿಂತ ಜೋರಾಗಿ ಹಬ್ಬುತ್ತದೆ. ಜೊತೆಗೆ ಕೆಲವು ಮಣ್ಣುಗಳಲ್ಲಿ ಅತಿ ಕಾವಿನಿಂದ ಮ್ಯಾಂಗನೀಸ್ ಕರಗಿ ಬಂದು ಗಿಡಕ್ಕೆ ವಿಷವಾಗುತ್ತದೆ. ಬೇಕರ್ ತಾವೇ ಆಮೇಲೆ ಗಾಳಿ ಬೆರೆಸಿದ ಹಬೆಯಲ್ಲಿ 60 ಡಿಗ್ರಿಗೆ ಅರ್ಧ ಗಂಟೆ ಸಾಕು, ಒಳ್ಳೆಯ ಜೀವಿಗಳು ಉಳಿಯಲಿ ಎಂಬ ಕಡೆ ವಾಲಿದರು.

ನಮಗೆ ಹೆಚ್ಚು ಹತ್ತಿರದ್ದು ಇಸ್ರೇಲಿನ ಯಾಕೋವ್ ಕಟಾನ್ 1976ರಲ್ಲಿ ಪ್ರಕಟಿಸಿದ ದಾರಿ. ಒದ್ದೆ ಮಾಡಿದ ಹೊಲಕ್ಕೆ ಬೇಸಿಗೆಯಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿದರೆ ಬಿಸಿಲೇ ಮಣ್ಣನ್ನು ಶುದ್ಧ ಮಾಡುತ್ತದೆ. ಹೊಲದಲ್ಲಿ ಇದಕ್ಕೆ ನಾಲ್ಕಾರು ವಾರ ಬೇಕು, ಆಳಕ್ಕೆ ಕಾವು ಇಳಿಯುವುದಿಲ್ಲ. ಕುಂಡದ ಮಣ್ಣಿಗೆ ಆ ತೊಡಕಿಲ್ಲ, ಎಲ್ಲ ಕಡೆಯಿಂದಲೂ ಕಾಯುತ್ತದೆ. ಎರಡು ಪದರದ ಪ್ಲಾಸ್ಟಿಕ್ಕಿನೊಳಗೆ ಮಣ್ಣು 60 ಡಿಗ್ರಿಯನ್ನು ಒಂದು ಗಂಟೆ ಅಥವಾ 70 ಡಿಗ್ರಿಯನ್ನು ಅರ್ಧ ಗಂಟೆ ಮುಟ್ಟಿದರೆ ಸಾಕು ಎಂಬುದು ಕ್ಯಾಲಿಫೋರ್ನಿಯಾದ ಶಿಫಾರಸು. ಬಳ್ಳಾರಿ, ಕಲಬುರಗಿಯ ಏಪ್ರಿಲ್ ಬಿಸಿಲು ಇದಕ್ಕೆಂದೇ ಇದ್ದಂತಿದೆ. ನಮ್ಮ ರೈತರ ಮಾಗಿ ಉಳುಮೆಯ ತರ್ಕವೂ ಇದೇ ಜಾತಿಯದು, ಆದರೆ ಅಲ್ಲಿ ಬಿಸಿಲಿನ ಜೊತೆ ಬೆಳ್ಳಕ್ಕಿ, ಕಾಗೆಗಳೂ ಕೆಲಸ ಮಾಡುತ್ತವೆ. ತಾರಸಿಯಲ್ಲಿ ಹಳೆ ಮಣ್ಣನ್ನು ಹಾಳೆಯ ಮೇಲೆ ಹರವಿಟ್ಟರೆ ಗೊರವಂಕಗಳು ಬಂದು ಹುಳು ಆರಿಸಿಕೊಂಡು ಹೋಗುತ್ತವೆ. ಖರ್ಚಿಲ್ಲದ ಈ ಉಪಾಯವನ್ನು ಮೊದಲು ಮಾಡಿ, ಉಳಿದದ್ದನ್ನು ಆಮೇಲೆ ಯೋಚಿಸಬಹುದು ಎಂಬುದು ನನ್ನ ಅಭಿಪ್ರಾಯ.

ಮಣ್ಣೇ ಬೇಡ ಎಂದವರು

ರೋಗ, ಹುಳು ಬರುವುದು ಮಣ್ಣಿನಿಂದಾದರೆ ಮಣ್ಣನ್ನೇ ಬಿಡೋಣ ಎಂದು ಹೊರಟದ್ದು ಇನ್ನೊಂದು ಪಂಥ. 1960ರ ದಶಕದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ ಪೀಟ್‌ಗೆ ಪರ್ಲೈಟ್, ವರ್ಮಿಕ್ಯುಲೈಟ್ ಬೆರೆಸಿದ ಹಗುರ ಮಿಶ್ರಣಗಳನ್ನು ತಂದಿತು. ನಮ್ಮಲ್ಲಿ ಪೀಟ್‌ನ ಜಾಗಕ್ಕೆ ಬಂದದ್ದು ಕೋಕೊಪೀಟ್, ತೆಂಗಿನ ನಾರು ತೆಗೆದ ಮೇಲೆ ಉಳಿಯುವ ಪುಡಿ. ಗೊಣ್ಣೆಹುಳು, ಜಂತುಹುಳುಗಳ ಮಟ್ಟಿಗೆ ಈ ಪಂಥ ಗೆದ್ದಿದೆ. ಆದರೆ ಸರಿಯಾಗಿ ತೊಳೆಯದ ಕೋಕೊಪೀಟ್‌ನಲ್ಲಿ ಉಪ್ಪಿನಂಶ ಹೆಚ್ಚು. ಸದಾ ಒದ್ದೆಯಿದ್ದರೆ ಅದು ಕಪ್ಪು ನೊಣಗಳ ತವರು. ಪೂರ್ತಿ ಒಣಗಿತೆಂದರೆ ಮತ್ತೆ ನೆನೆಯಲು ಹಟ ಮಾಡುತ್ತದೆ. ತಲೆಭಾರದ ಸೂರ್ಯಕಾಂತಿಗೆ ಅದರ ಹಗುರತನವೇ ತೊಂದರೆ. ಕೆಂಪು ಮಣ್ಣು, ಕೋಕೊಪೀಟ್, ಗೊಬ್ಬರ ಸಮಸಮ ಎಂಬ ಬೆಂಗಳೂರಿನ ಜನಪ್ರಿಯ ಸೂತ್ರ ಒಂದು ರಾಜಿ. ರಾಜಿಯಲ್ಲಿ ಗೊಬ್ಬರ ಅರೆಕಳಿತದ್ದಾದರೆ ಹುಳುವಿಗೆ ಬಾಗಿಲು ಮತ್ತೆ ತೆರೆದಂತೆ.

ಹರಳು, ಪುಡಿ, ಬೀಜೋಪಚಾರ

ಒಂದು ತಲೆಮಾರಿನ ಮನೆತೋಟಗಳಲ್ಲಿ ಬಿ.ಎಚ್.ಸಿ. ಪುಡಿ ಇಲ್ಲದ ಕುಂಡವೇ ಇರಲಿಲ್ಲ. 1997ರಲ್ಲಿ ಅದಕ್ಕೆ ನಿಷೇಧ ಬಿತ್ತು. ಆಮೇಲೆ ಫೋರೇಟ್ ಹರಳು ಬಂತು, 2020ರ ಡಿಸೆಂಬರ್ 31ಕ್ಕೆ ಅದೂ ಮುಗಿಯಿತು. ಇವು ಕೆಲಸ ಮಾಡುತ್ತಿರಲಿಲ್ಲ ಎಂದು ಯಾರೂ ಹೇಳುವುದಿಲ್ಲ. ಕರಿಬೇವು, ಕೊತ್ತಂಬರಿ ಬೆಳೆಯುವ ಸಾಲಿನಲ್ಲೇ, ಮಕ್ಕಳು ಆಡುವ ತಾರಸಿಯಲ್ಲೇ ಅವನ್ನು ಎರಚುತ್ತಿದ್ದೆವು ಎಂಬುದೇ ದಿಗಿಲು ಹುಟ್ಟಿಸುವ ಸಂಗತಿ.

ಸೂರ್ಯಕಾಂತಿಗೆ ಸಂಬಂಧಿಸಿ ಈ ವಾದ ದೊಡ್ಡದಾಗಿ ಸಿಡಿದದ್ದು ಫ್ರಾನ್ಸಿನಲ್ಲಿ. ಮಣ್ಣಿನ ಕೀಟಗಳಿಂದ ಮೊಳಕೆಯನ್ನು ಕಾಯಲು ಇಮಿಡಾಕ್ಲೋಪ್ರಿಡ್ ಲೇಪಿಸಿದ ಬೀಜ 1990ರ ದಶಕದಲ್ಲಿ 'ಗೌಚೊ' ಹೆಸರಿನಲ್ಲಿ ಅಲ್ಲಿನ ಹೊಲಗಳಿಗೆ ಬಂತು. ಬೀಜಕ್ಕೆ ಹಚ್ಚಿದ ಔಷಧಿ ಗಿಡದುದ್ದಕ್ಕೂ ಏರಿ ಹೂವಿನ ಮಕರಂದ, ಪರಾಗದಲ್ಲೂ ಅಲ್ಪಸ್ವಲ್ಪ ಸೇರುತ್ತಿತ್ತು. ಸೂರ್ಯಕಾಂತಿ ಹೊಲಕ್ಕೆ ಹೋದ ಜೇನುಗಳು ಗೂಡಿಗೆ ಮರಳುತ್ತಿಲ್ಲ ಎಂದು ಜೇನು ಸಾಕುವವರು ಬೀದಿಗಿಳಿದರು. ಆ ಪ್ರಮಾಣ ಕೊಲ್ಲುವಷ್ಟಿಲ್ಲ ಎಂದು ಒಂದು ಪಕ್ಷ, ಕೊಲ್ಲದಿದ್ದರೂ ದಾರಿ ತಪ್ಪಿಸುತ್ತದೆ ಎಂದು ಇನ್ನೊಂದು. 1999ರಲ್ಲಿ ಫ್ರೆಂಚ್ ಸರಕಾರ ಸೂರ್ಯಕಾಂತಿಯ ಮೇಲೆ ಅದರ ಬಳಕೆಯನ್ನು ತಡೆಹಿಡಿಯಿತು. 2013ರಲ್ಲಿ ಐರೋಪ್ಯ ಒಕ್ಕೂಟ ನಿರ್ಬಂಧ ಹೇರಿ, 2018ರಲ್ಲಿ ಇಮಿಡಾಕ್ಲೋಪ್ರಿಡ್ ಸೇರಿದಂತೆ ಅದೇ ಗುಂಪಿನ ಮೂರು ಔಷಧಿಗಳನ್ನು ಬಯಲಿನ ಬೆಳೆಗಳಿಂದ ಪೂರ್ತಿ ಹೊರಗಿಟ್ಟಿತು.

ನಮ್ಮ ಕಥೆ ಬೇರೆ ತಿರುವು ಪಡೆಯಿತು. 1997ರಲ್ಲಿ ಬಾಗೇಪಲ್ಲಿಯ ಕಡೆ ಸೂರ್ಯಕಾಂತಿಯ ನೆಕ್ರೋಸಿಸ್ ರೋಗ ಮೊದಲು ಕಾಣಿಸಿತು. ಇದನ್ನು ತರುವುದು ತಂಬಾಕು ಗೆರೆ ನಂಜಾಣು, ಹಬ್ಬಿಸುವುದು ಥ್ರಿಪ್ಸ್ ನುಸಿ, ಆಸರೆ ಕೊಡುವುದು ಎಲ್ಲೆಲ್ಲೂ ಇರುವ ಪಾರ್ಥೇನಿಯಂ ಕಳೆ. ನುಸಿಯನ್ನು ತಡೆಯಲು ಬೀಜಕ್ಕೆ ಇಮಿಡಾಕ್ಲೋಪ್ರಿಡ್ ಲೇಪಿಸುವುದೇ ಇಲ್ಲಿ ಶಿಫಾರಸಾಯಿತು. ಒಂದೇ ಔಷಧಿ ಅಲ್ಲಿ ಜೇನಿನ ಶತ್ರು, ಇಲ್ಲಿ ಬೆಳೆಯ ರಕ್ಷಕ. ಹೊಲದಲ್ಲಿ ಬೆಳೆಯೇ ಹೋಗುವ ಭಯವಿದ್ದಾಗ ರೈತನ ಆಯ್ಕೆ ಅರ್ಥವಾಗುತ್ತದೆ. ಕುಂಡದಲ್ಲಿ ಒಂದು ಹೂವಿಗಾಗಿ ಅದೇ ಔಷಧಿಯನ್ನು ನೀರಿಗೆ 'ಒಂದು ಮುಚ್ಚಳ' ಬೆರೆಸಿ ಬುಡಕ್ಕೆ ಸುರಿಯುವುದಕ್ಕೆ ನನಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ. ಆ ಹೂವಿಗೂ ಜೇನು ಬರುತ್ತದೆ.

ಜೀವದಿಂದ ಜೀವವನ್ನು ತಡೆಯುವವರು

ಜೀವಿಗಳು ತುಂಬಿದ ಮಣ್ಣೇ ಬೇಕೆನ್ನುವ ಪಕ್ಷ ಹಳೆಯದೂ ಹೌದು, ಈಗ ಹೆಚ್ಚು ಸದ್ದು ಮಾಡುತ್ತಿರುವುದೂ ಹೌದು. 1879ರಲ್ಲಿ ಒಡೆಸ್ಸಾದಲ್ಲಿ ಇಲ್ಯಾ ಮೆಚ್ನಿಕಾಫ್ ಗೋಧಿಯ ದುಂಬಿಗೆ ಹಸಿರು ಬೂಷ್ಟು ಹತ್ತಿ ಸಾಯುವುದನ್ನು ಕಂಡರು. ಮೆಟರೈಜಿಯಂ ಎಂಬ ಆ ಬೂಷ್ಟು ಇಂದು ನಮ್ಮ ಗೊಬ್ಬರದ ಅಂಗಡಿಗಳಲ್ಲೂ ಸಿಗುತ್ತದೆ. ಇನ್ನೊಂದು ಅಸ್ತ್ರ ಕೀಟಗಳನ್ನು ಕೊಲ್ಲುವ ಜಂತುಹುಳುಗಳು. ಬೇರುಗಂಟಿನ ಜಂತುವಿಗೆ ಇವು ದೂರದ ನೆಂಟರಷ್ಟೇ, ಬೇರನ್ನು ತಿನ್ನುವುದಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಕೇಂದ್ರ ಹೆಟರೋರ್‍ಯಾಬ್ಡೈಟಿಸ್ ಇಂಡಿಕಾ ಎಂಬ ಜಾತಿಯನ್ನು ಗೊಣ್ಣೆಹುಳುವಿನ ವಿರುದ್ಧ ಪುಡಿರೂಪದಲ್ಲಿ ಸಿದ್ಧಪಡಿಸಿದೆ. ಈ ಸೂಕ್ಷ್ಮ ಜಂತು ಹುಳುವಿನ ಮೈಯೊಳಗೆ ನುಸುಳಿ, ತನ್ನೊಳಗಿನ ಬ್ಯಾಕ್ಟೀರಿಯಾವನ್ನು ಅಲ್ಲಿ ಬಿಡುತ್ತದೆ. ಎರಡು ಮೂರು ದಿನದಲ್ಲಿ ಹುಳು ಸತ್ತು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಕತ್ತಲಲ್ಲಿ ಮಸುಕಾಗಿ ಹೊಳೆಯುತ್ತದೆ ಕೂಡ. ಆದರೆ ಇವಕ್ಕೆ ತೇವ ಬೇಕು, ನೆರಳು ಬೇಕು. ಬಿಸಿಲಿಗೆ ಕಾದ ಕಪ್ಪು ಗ್ರೋ ಬ್ಯಾಗ್‌ನಲ್ಲಿ ನಡು ಹಗಲು ಸುರಿದರೆ ಹುಳುವಿಗಿಂತ ಮೊದಲು ಸಾಯುವುದು ಇವೇ.

ಕಾಂಪೋಸ್ಟ್ ತಾನೇ ರೋಗ ತಡೆಯುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಕೊಟ್ಟವರು ಅಮೆರಿಕದ ಒಹಾಯೊದ ಹ್ಯಾರಿ ಹೊಯ್ಟಿಂಕ್. ಕಳಿತ ಮರದ ತೊಗಟೆ ಬೆರೆಸಿದ ಕುಂಡಗಳಲ್ಲಿ ಪಿಥಿಯಂ, ಫೈಟಾಫ್ಥೊರಾ ಕೊಳೆರೋಗ ತಗ್ಗುವುದನ್ನು ಅವರು ತೋರಿಸಿದರು. ರೈಜೋಕ್ಟೋನಿಯಾ ಮಾತ್ರ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಮುಖ್ಯವಾದ ಷರತ್ತು, ಕಾಂಪೋಸ್ಟ್ ಪೂರ್ತಿ ಕಳಿತಿರಬೇಕು. ಹಸಿ ಗೊಬ್ಬರ ರೋಗವನ್ನು ತಡೆಯುವ ಬದಲು ಸಾಕುತ್ತದೆ.

ಕರ್ನಾಟಕದ ತಾರಸಿ ತೋಟದವರು ಬಹುಪಾಲು ಇದೇ ಪಕ್ಷ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟಶಾಸ್ತ್ರ ಕಲಿಸಿದ ಡಾ. ಬಿ.ಎನ್. ವಿಶ್ವನಾಥ್ ನಗರದಲ್ಲಿ ತಾರಸಿ ಕೃಷಿಯ ಪ್ರಚಾರಕ್ಕೆ ನಿಂತದ್ದು, ಅದೂ ವಿಷವಿಲ್ಲದ ದಾರಿಯಲ್ಲಿ, ಇದಕ್ಕೆ ಒಂದು ಕಾರಣ. ಸಗಣಿ, ಗಂಜಲ, ಬೆಲ್ಲ, ದ್ವಿದಳ ಹಿಟ್ಟಿನ ಜೀವಾಮೃತವನ್ನು ಸುಭಾಷ್ ಪಾಳೇಕರ್ ಜನಪ್ರಿಯ ಮಾಡಿದ್ದು ಇನ್ನೊಂದು. ಇದಕ್ಕೆ ವೈಜ್ಞಾನಿಕ ಪುರಾವೆ ಸಾಲದು ಎಂದು ರಾಷ್ಟ್ರೀಯ ಕೃಷಿ ವಿಜ್ಞಾನಗಳ ಅಕಾಡೆಮಿ 2019ರಲ್ಲಿ ಆಕ್ಷೇಪ ಎತ್ತಿತು, ಬಳಸುವವರು ಕಣ್ಣಾರೆ ಕಂಡದ್ದಕ್ಕೆ ಪುರಾವೆ ಏಕೆ ಎಂದರು. ಜಗಳ ನಿಂತಿಲ್ಲ. ಬೇವಿನ ಹಿಂಡಿಯ ಸ್ಥಾನ ಇದಕ್ಕಿಂತ ಭದ್ರ. ಜಂತುಹುಳುಗಳ ಮೇಲೆ ಹಿಂಡಿಗಳ ಪರಿಣಾಮವನ್ನು ಭಾರತದ ವಿಜ್ಞಾನಿಗಳು 1960ರ ದಶಕದಿಂದ ಪರೀಕ್ಷಿಸುತ್ತ ಬಂದಿದ್ದಾರೆ. ಚೆಂಡು ಹೂವಿನ ಬೇರಿನಲ್ಲಿ ಜಂತುಹುಳು ಕೊಲ್ಲುವ ಟರ್ಥಿಯನೈಲ್ ಎಂಬ ವಸ್ತು ಇದೆಯೆಂದು ಡಚ್ ರಸಾಯನಶಾಸ್ತ್ರಜ್ಞರು 1958ರಲ್ಲೇ ತೋರಿಸಿದರು. ಆದರೆ ಸೂರ್ಯಕಾಂತಿಯ ಪಕ್ಕದಲ್ಲೇ ಒಂದು ಚೆಂಡು ಹೂ ಗಿಡ ನೆಟ್ಟರೆ ಆ ಲಾಭ ಸಿಗುವುದು ಅಷ್ಟಕ್ಕಷ್ಟೆ, ಇದ್ದ ಮಣ್ಣಿಗೆ ಇಬ್ಬರು ಪಾಲುದಾರರಾಗುತ್ತಾರೆ. ಒಂದು ಹಂಗಾಮು ಚೆಂಡು ಹೂವನ್ನೇ ಬೆಳೆದು, ಅದೇ ಕುಂಡಕ್ಕೆ ಮುಂದಿನ ಬಾರಿ ಸೂರ್ಯಕಾಂತಿ ಹಾಕುವುದು ಸರಿಯಾದ ಕ್ರಮ.

ಎರೆಹುಳುವಿನ ವಿಷಯದಲ್ಲಿ ಈ ಪಕ್ಷ ಮತ್ತು ಹಳೆಯ ಇಂಗ್ಲಿಷ್ ಮಾಲಿಗಳು ಮುಖಾಮುಖಿಯಾಗುತ್ತಾರೆ. ಅವರು ಕುಂಡದೊಳಗಿನ ಎರೆಹುಳು ಬೇರು ಕದಡುತ್ತದೆಂದು ಸುಣ್ಣದ ತಿಳಿನೀರು ಹೊಯ್ದು ಹೊರಗೆ ಓಡಿಸುತ್ತಿದ್ದರು. ನಾವು ದುಡ್ಡು ಕೊಟ್ಟು ತಂದು ಬಿಡುತ್ತೇವೆ.

ಬಗೆಹರಿಯದೆ ಉಳಿದದ್ದು

ಮೊದಲನೆಯದು ಪ್ರಮಾಣದ ಪ್ರಶ್ನೆ. ಜೈವಿಕ ಪುಡಿಗಳ ಶಿಫಾರಸು ಇರುವುದು ಎಕರೆಗೆ ಇಷ್ಟು ಕಿಲೋ ಎಂದು. ಎಕರೆಗೆ 20 ಕಿಲೋ ಎಂದಿಟ್ಟುಕೊಳ್ಳಿ. ಹನ್ನೆರಡು ಇಂಚಿನ ಕುಂಡದ ಬಾಯಿಯ ವಿಸ್ತೀರ್ಣಕ್ಕೆ ಅದು ಅರ್ಧ ಗ್ರಾಂಗಿಂತ ಕಡಿಮೆ ಬರುತ್ತದೆ. ಜನ ಹಾಕುವುದು ಒಂದು ಹಿಡಿ. ಜೀವಂತ ಪುಡಿಗೆ ವಿಸ್ತೀರ್ಣದ ಲೆಕ್ಕ ಸರಿಯೋ, ಮಣ್ಣಿನ ಗಾತ್ರದ ಲೆಕ್ಕ ಸರಿಯೋ, ಅಥವಾ ಕುಂಡದಲ್ಲಿ ಅದು ತಾನಾಗಿ ಹೆಚ್ಚಿಕೊಳ್ಳುವುದರಿಂದ ಲೆಕ್ಕವೇ ಬೇಡವೋ ಎಂಬುದರಲ್ಲಿ ಒಮ್ಮತವಿಲ್ಲ.

ಎರಡನೆಯದು ಗೊಬ್ಬರದ ಹುಳುವಿನ ನಡತೆ. ಕೊಳೆತದ್ದನ್ನು ತಿನ್ನುವ ಮರಿಗಳು ಹೊಲದಲ್ಲಿ, ತಿಪ್ಪೆಯಲ್ಲಿ ನಿರಪರಾಧಿಗಳು. ಮುಚ್ಚಿದ ಕುಂಡದಲ್ಲಿ ಗೊಬ್ಬರ ಮುಗಿದಾಗ ಅವು ಹಸಿವಿಗೆ ಎಳೆ ಬೇರನ್ನು ಮುಟ್ಟುತ್ತವೆಯೇ? ತೋಟಗಾರರ ಅನುಭವ ಎರಡೂ ಕಡೆ ಇದೆ.

ಮೂರನೆಯದು ಹಳೆ ಮಣ್ಣು. ಸೂರ್ಯಕಾಂತಿಯ ಕಸಕಡ್ಡಿ ಬೇರೆ ಸಸಿಗಳ ಮೊಳಕೆಯನ್ನು ತಡೆಯುತ್ತದೆ ಎಂಬುದು ಗೊತ್ತಿರುವ ವಿಷಯ; ಸೂರ್ಯಕಾಂತಿಯ ಮೇಲೆ ಸೂರ್ಯಕಾಂತಿ ಬೇಡ ಎಂದು ಹೊಲದವರಿಗೂ ಹೇಳುತ್ತಾರೆ. ಕುಂಡದ ಮಣ್ಣಿನಲ್ಲಿ ಆ ರಸಗಳು ಎಷ್ಟು ಕಾಲ ಉಳಿಯುತ್ತವೆ, ಬಿಸಿಲಿಗೆ ಬೇಯಿಸಿದರೆ ಹೋಗುತ್ತವೆಯೇ, ಎರಡನೇ ವರ್ಷದ ಗಿಡ ಸೊರಗುವುದು ಅವುಗಳಿಂದಲೋ, ಉಳಿದುಕೊಂಡ ಜಂತುಹುಳುವಿನಿಂದಲೋ, ಬರೀ ಸಾರ ತೀರಿದ್ದರಿಂದಲೋ ಎಂದು ಬೇರ್ಪಡಿಸಿ ಹೇಳುವುದು ಸುಲಭವಾಗಿಲ್ಲ.

ಕೊನೆಯದು ಬೀಜ. ಹೈಬ್ರಿಡ್ ಸೂರ್ಯಕಾಂತಿ ಬೀಜ ಔಷಧಿ ಲೇಪಿಸಿ ಬಣ್ಣ ಹಚ್ಚಿಕೊಂಡೇ ಬರುವುದು ಸಾಮಾನ್ಯ. ಜೇನು ಬರಲಿ ಎಂದು ತಾರಸಿಯಲ್ಲಿ ಸೂರ್ಯಕಾಂತಿ ಹಾಕುವವರೂ ಗೊತ್ತಿಲ್ಲದೆ ಅದನ್ನೇ ಬಿತ್ತಿರಬಹುದು. ಹೊಲದಲ್ಲಿ ಮಾಡಿದ ಅಳತೆಗಳನ್ನು ಇಲ್ಲಿಗೆ ನೇರ ತರುವಂತಿಲ್ಲ, ಏಕೆಂದರೆ ಹೊಲದ ಬೇರು ಬೀಜದ ಸುತ್ತಲಿನ ಔಷಧಿಯನ್ನು ಮೇಲೆಯೇ ಬಿಟ್ಟು ಆಳಕ್ಕೆ ಇಳಿದುಹೋಗುತ್ತದೆ, ಕುಂಡದ ಬೇರು ಅದೇ ಹದಿನೈದು ಲೀಟರ್ ಮಣ್ಣಿನೊಳಗೆ ಸುತ್ತಿ ಸುತ್ತಿ ಬೆಳೆಯುತ್ತದೆ. ಅಂಥ ಗಿಡದ ಮಕರಂದದಲ್ಲಿ ಎಷ್ಟು ಸೇರುತ್ತದೆ ಎಂಬುದನ್ನು ತಾರಸಿಯಲ್ಲೇ ಅಳೆಯಬೇಕು.